ಕಿವಿಗೆಂದು ಬಂದ ಚೀಟಿ

ದಿನಚರಿಯ ಪುಟಗಳು, ದಾವಣಗೆರೆ

ಆಗಸ್ಟ್ 5, 2024, ಸೋಮವಾರ

ಚೀಟಿಯಲ್ಲಿದ್ದದ್ದು ಇಷ್ಟು: ಹೆಣ್ಣು, 29 ವರ್ಷ, ಬಲಗಿವಿ ಹಠಾತ್ತನೆ ಕೇಳಿಸುತ್ತಿಲ್ಲ, ತಲೆಸುತ್ತು, ಗಂಟು ಇದೆಯೇ ನೋಡಿ. ಕಿವಿಯ ಡಾಕ್ಟರರು ಎಂಆರ್‌ಐಗೆ ಕಳಿಸಿದಾಗ ಹೆಚ್ಚುಕಮ್ಮಿ ಯಾವಾಗಲೂ ಇದೇ ಪ್ರಶ್ನೆ. ಸಮತೋಲದ ನರದ ಮೇಲೆ ನಿಧಾನವಾಗಿ ಬೆಳೆದು ಪಕ್ಕದ ಶ್ರವಣ ನರವನ್ನು ಒತ್ತುವ ಗಂಟೊಂದಿದೆ, ಅದು ಇದೆಯೋ ಇಲ್ಲವೋ ಹೇಳಬೇಕು. ಹೆಚ್ಚಿನವರಲ್ಲಿ ಇರುವುದಿಲ್ಲ. ಇಲ್ಲವೆಂದು ಬರೆದು ಸಹಿ ಹಾಕಿದರೆ ನಮ್ಮ ಕೆಲಸ ಮುಗಿಯಿತೆಂದು ಲೆಕ್ಕ.

ಈಕೆ ಮಲೇಬೆನ್ನೂರು ಕಡೆಯ ಹಳ್ಳಿಯವಳು, ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಜೊತೆಗೆ ತಂದೆ, ತಮ್ಮ ಬಂದಿದ್ದರು. ಓಲೆ, ಬಳೆ, ತಲೆಪಿನ್ನು ತೆಗೆಸುತ್ತ ಟೆಕ್ನಿಷಿಯನ್ ಹುಡುಗ ಕೇಳುವ ಮಾಮೂಲಿ ಪ್ರಶ್ನೆಗಳಿಗೆಲ್ಲ ತಮ್ಮನೇ ಉತ್ತರ ಕೊಡುತ್ತಿದ್ದ. ನಾನು ಎದ್ದುಹೋಗಿ ಅವಳ ಎಡಗಡೆ, ಕೇಳಿಸುವ ಕಿವಿಯ ಕಡೆ ನಿಂತು ಮಾತಾಡಿಸಿದೆ. ಇದು ಯಾವ ತಿಂಗಳಮ್ಮಾ ಅಂದರೆ ತುಸು ಹೊತ್ತು ನನ್ನ ಮುಖವನ್ನೇ ನೋಡಿ "ಜೂನ್" ಎಂದಳು.

"ಇತ್ತೀಚಿಗೆ ಹಿಂಗೇ ಮೇಡಂ," ಅಂದ ತಮ್ಮ. "ಬೋರ್ಡಿನ ಮೇಲೆ ತಾರೀಖು ತಪ್ಪು ಬರಿತಾಳಂತೆ. ಮಕ್ಕಳ ಹೆಸರು ಮರಿತಾಳಂತೆ. ತಲೆನೋವು ಅಂತೂ ಬಿಟ್ಟಿದ್ದೇ ಇಲ್ಲ. ಎಲ್ಲರೂ ಟೆನ್ಷನ್ ಅಂತಾರೆ."

ಚೀಟಿಯಲ್ಲಿ ತಲೆನೋವಿನ ಸುದ್ದಿ ಇರಲಿಲ್ಲ, ಮರೆವಿನ ಸುದ್ದಿಯಂತೂ ಇರಲೇ ಇಲ್ಲ. ಕಿವಿಯ ಡಾಕ್ಟರ ಮುಂದೆ ಕೂತವರು ಕಿವಿಯ ಮಾತನ್ನೇ ಆಡುತ್ತಾರೆ, ಅದು ಸಹಜ.

ಕಿವಿಗೆ ಸ್ಪಂಜಿನ ಪ್ಲಗ್ ಇಟ್ಟು, ಮೇಲೆ ಹೆಡ್‌ಫೋನ್ ಹಾಕಿ, ಕೈಗೆ ಒತ್ತುವ ಬಲ್ಬ್ ಕೊಟ್ಟು ಮಲಗಿಸಿದರು. ಮೊದಲು ಕಿವಿಯ ತೆಳು ಕಟ್‌ಗಳು, ಒಂದೊಂದೂ ಮಿಲಿಮೀಟರಿಗಿಂತ ಕಡಿಮೆ ದಪ್ಪ. ಒಳಗಿವಿಯ ದ್ರವ ಬೆಳ್ಳಗೆ ಹೊಳೆಯುತ್ತಿತ್ತು. ಎರಡೂ ಕಡೆ ಕಾಕ್ಲಿಯಾದ ಎರಡೂವರೆ ಸುತ್ತು ಪೂರ್ತಿ ಇತ್ತು. ನರಗಳ ಕಪ್ಪು ಎಳೆಗಳು ಮೂಳೆಯ ಸುರಂಗದಲ್ಲಿ ಚೊಕ್ಕವಾಗಿ ಹಾದುಹೋಗಿದ್ದವು. ಗಂಟಿಲ್ಲ. ಚೀಟಿಯ ಪ್ರಶ್ನೆಗೆ ಅಲ್ಲಿಗೆ ಉತ್ತರ ಸಿಕ್ಕಂತಾಯಿತು.

ಅವಳು ಜೂನ್ ಎಂದದ್ದು ನನ್ನ ತಲೆಯಲ್ಲಿತ್ತು. ಪೂರ್ತಿ ಮಿದುಳಿನ ಫ್ಲೇರ್, ಅಂದರೆ ಕಲೆಗಳನ್ನು ಬೆಳ್ಳಗೆ ಎತ್ತಿ ತೋರಿಸುವ ಚಿತ್ರ, ತೆಗೆ, ಅಡ್ಡ ಕಟ್ ಸಾಲದು, ಪಕ್ಕದಿಂದ ಸೀಳಿದಂತೆ ಸ್ಯಾಜಿಟಲ್ ಕೂಡ ತೆಗೆ ಎಂದೆ. ಮಿದುಳಿನ ಎರಡು ಅರ್ಧಗಳನ್ನು ಜೋಡಿಸುವ ದಪ್ಪ ನರಪಟ್ಟಿ, ಕಾರ್ಪಸ್ ಕ್ಯಾಲೋಸಂ, ಆ ಕಟ್‌ನಲ್ಲಿ ಕಮಾನಿನಂತೆ ಕಾಣುತ್ತದೆ. ಆರೋಗ್ಯವಂತರಲ್ಲಿ ಅದು ಒಂದೇ ಸಮನಾದ ಕಡುಬೂದು. ಇವಳದರ ನಟ್ಟನಡುವೆ ದುಂಡು ದುಂಡಾದ ಬಿಳಿ ಕಲೆಗಳು. ಅಂಚಿಗೆ ತಾಗಿಲ್ಲ, ಕೆಳಬದಿಗೂ ತಾಗಿಲ್ಲ, ಪಟ್ಟಿಯ ಹೊಟ್ಟೆಯೊಳಗೇ ಕೂತಿವೆ. ಡಿಫ್ಯೂಷನ್ ಚಿತ್ರದಲ್ಲಿ ಅವುಗಳಲ್ಲಿ ಕೆಲವು ಇನ್ನೂ ಉರಿಯುವಂತೆ ಬೆಳ್ಳಗಿದ್ದವು. ಅಂದರೆ ಹೊಸವು. ಈಚಿನ ದಿನಗಳಲ್ಲಿ ರಕ್ತ ಸಿಗದೆ ಸತ್ತ ಪುಟ್ಟ ಪುಟ್ಟ ಜಾಗಗಳು.

ಹೊರಗೆ ಬಂದು ಎದ್ದು ಕೂತವಳು ತಮ್ಮನಿಗೆ ಹೇಳಿದ ಮೊದಲ ಮಾತು: "ಮಿಷನ್ನು ಎಡಗಡೆ ಮಾತ್ರ ಸದ್ದು ಮಾಡ್ತು." ನೂರು ಡೆಸಿಬಲ್ ದಾಟುವ ಆ ಬಡಿತದಲ್ಲಿ ಬಲಗಡೆ ಅವಳಿಗೆ ಏನೂ ಇರಲಿಲ್ಲ.

ಆಗಸ್ಟ್ 5, ರಾತ್ರಿ

ನಿದ್ದೆ ಬರುತ್ತಿಲ್ಲ. ಚಿತ್ರಗಳನ್ನು ಮನೆಯ ಲ್ಯಾಪ್‌ಟಾಪಿನಲ್ಲಿ ತೆರೆದು ಕೂತಿದ್ದೇನೆ.

ಕಾರ್ಪಸ್ ಕ್ಯಾಲೋಸಂನಲ್ಲಿ ಬಿಳಿ ಕಲೆ ಕಂಡರೆ ಯಾವ ರೇಡಿಯಾಲಜಿಸ್ಟ್‌ಗೂ ಮೊದಲು ಹೊಳೆಯುವುದು ಮಲ್ಟಿಪಲ್ ಸ್ಕ್ಲೀರೋಸಿಸ್, ಎಂಎಸ್. ವಯಸ್ಸೂ ಹೊಂದುತ್ತದೆ, ಹೆಣ್ಣು ಎಂಬುದೂ ಹೊಂದುತ್ತದೆ. ಆದರೆ ಎಂಎಸ್‌ನ ಕಲೆಗಳು ಸಾಮಾನ್ಯವಾಗಿ ಪಟ್ಟಿಯ ಕೆಳಬದಿಗೆ ಅಂಟಿಕೊಂಡು, ಅಲ್ಲಿಂದ ಮೇಲಕ್ಕೆ ಬೆರಳು ಚಾಚಿದಂತಿರುತ್ತವೆ. ಅವು ಸಣ್ಣ ಸಿರೆಗಳ ಸುತ್ತ ಹುಟ್ಟುವಂಥವು. ಇವಳ ಕಲೆಗಳು ನಡುವಿನವು, ದುಂಡಗಿನವು, ಅಪಧಮನಿಯ ಕಟ್ಟಕಡೆಯ ಕವಲುಗಳು ಮುಚ್ಚಿಹೋದಾಗ ಆಗುವಂಥವು. ಜೊತೆಗೆ ಕಿವಿ. ಎಂಎಸ್‌ನಲ್ಲಿ ಕಿವಿ ಹೀಗೆ ಹೋಗುವುದು ಅಪರೂಪ.

ಕಿವಿ, ಕಣ್ಣು, ಮಿದುಳು. ಈ ಮೂರರ ಅತಿ ಸಣ್ಣ ಅಪಧಮನಿಗಳ ಒಳಗೋಡೆಯ ಮೇಲೆ ದೇಹದ ರೋಗನಿರೋಧಕ ಶಕ್ತಿಯೇ ದಾಳಿ ಮಾಡುವ ಕಾಯಿಲೆ ಸೂಸ್ಯಾಕ್ ಸಿಂಡ್ರೋಮ್. ಅಮೆರಿಕದ ನರರೋಗ ತಜ್ಞ ಜಾನ್ ಸೂಸ್ಯಾಕ್ ಇಬ್ಬರು ಹೆಂಗಸರ ವಿವರ ಬರೆದದ್ದು 1979ರಲ್ಲಿ. 2003ರಲ್ಲಿ ಅವರೇ ಸಂಗಡಿಗರ ಜೊತೆ 27 ರೋಗಿಗಳ ಎಂಆರ್‌ಐ ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಎಲ್ಲರಲ್ಲೂ ಕಾರ್ಪಸ್ ಕ್ಯಾಲೋಸಂಗೆ ಪೆಟ್ಟಾಗಿತ್ತು. ಅಷ್ಟು ಖಚಿತವಾದ ಗುರುತನ್ನು ನಮ್ಮ ಶಾಸ್ತ್ರ ಬಹಳ ಕಾಯಿಲೆಗಳಿಗೆ ಕೊಟ್ಟಿಲ್ಲ. ಆದರೆ ಆ ಗುರುತು ಸ್ಯಾಜಿಟಲ್ ಕಟ್ ತೆಗೆದವರಿಗೆ ಸಿಗುತ್ತದೆ. ಅಡ್ಡ ಕಟ್‌ಗಳಷ್ಟೇ ಇದ್ದರೆ ಈ ಕಲೆಗಳು ಅತ್ತಿತ್ತ ಚದುರಿದ ಚುಕ್ಕಿಗಳಾಗಿ, ವಯಸ್ಸಿನದೋ ಮೈಗ್ರೇನಿನದೋ ಎಂಬಂತೆ ಕಂಡು ದಾಟಿಹೋಗುತ್ತವೆ.

2013ರ ಒಂದು ದೊಡ್ಡ ಪರಿಶೀಲನೆಯಲ್ಲಿ ಅಲ್ಲಿಯವರೆಗೆ ಜಗತ್ತಿನಲ್ಲಿ ವರದಿಯಾಗಿದ್ದ 304 ರೋಗಿಗಳನ್ನು ಕೂಡಿಸಿ ನೋಡಿದ್ದರು. ಕಾಯಿಲೆ ಶುರುವಾದಾಗಲೇ ಕಿವಿ, ಕಣ್ಣು, ಮಿದುಳು ಮೂರೂ ಒಟ್ಟಿಗೆ ತೊಂದರೆ ತೋರಿಸಿದ್ದು ನೂರಕ್ಕೆ 13 ಮಂದಿಯಲ್ಲಿ ಮಾತ್ರ. ಉಳಿದವರು ಯಾವುದೋ ಒಂದು ಬಾಗಿಲಿನಿಂದ ಆಸ್ಪತ್ರೆಯೊಳಗೆ ಬಂದಿರುತ್ತಾರೆ. ಆ ಬಾಗಿಲಲ್ಲಿ ಕೂತವರು ಮಿಕ್ಕೆರಡನ್ನು ಕೇಳದಿದ್ದರೆ ಕಾಯಿಲೆ ಹೆಸರಿಲ್ಲದೆ ಬೆಳೆಯುತ್ತದೆ.

ಬೆಳಿಗ್ಗೆ ಕಿವಿಯ ಡಾಕ್ಟರಿಗೆ ಫೋನ್ ಮಾಡಬೇಕು. ರಿಪೋರ್ಟ್ ಟೈಪ್ ಆಗುವವರೆಗೆ ಕಾಯುವುದು ಬೇಡ.

ಆಗಸ್ಟ್ 6, ಮಂಗಳವಾರ

ಎಂಟಕ್ಕೇ ಫೋನ್ ಮಾಡಿದೆ. ಅವರು ತಕ್ಷಣ ಹಿಡಿದುಕೊಂಡರು. "ಆಡಿಯೋಗ್ರಾಂ ಕಳಿಸ್ತೀನಿ ನೋಡಿ, ಅದೂ ವಿಚಿತ್ರವಾಗೇ ಇದೆ" ಅಂದರು. ಕಳಿಸಿದರು. ಬಲಗಿವಿಯಲ್ಲಿ 250, 500, 1000 ಹರ್ಟ್ಸ್‌ನ ದಪ್ಪ ಸ್ವರಗಳೇ ಕೆಳಗೆ ಬಿದ್ದಿವೆ. 4000ದ ಕೀರಲು ಸದ್ದು ಅಷ್ಟಿಷ್ಟು ಉಳಿದಿದೆ. ಮುಪ್ಪಿನಲ್ಲಿ, ಗಿರಣಿ ಸದ್ದಿನಲ್ಲಿ ಕೆಲಸ ಮಾಡಿದವರಲ್ಲಿ ಆಗುವುದು ಇದಕ್ಕೆ ಪೂರಾ ತಿರುಗುಮುರುಗು. ಅಲ್ಲಿ ಮೊದಲು ಹೋಗುವುದು ಕೀರಲು ಸ್ವರ.

ಮಧ್ಯಾಹ್ನ ಮತ್ತೆ ಕರೆಸಿದೆವು. ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಸರಿಯಿತ್ತು. ಗ್ಯಾಡೋಲಿನಿಯಂ ಕಾಂಟ್ರಾಸ್ಟ್ ಚುಚ್ಚಿ ತೆಗೆದೆವು. ಮಿದುಳಿನ ಹೊದಿಕೆಯ ಮೇಲೆ ಅಲ್ಲಲ್ಲಿ ತೆಳುವಾಗಿ ಬಣ್ಣ ಹಿಡಿಯಿತು, ಒಂದೆರಡು ಕಲೆಗಳೂ ಹಿಡಿದವು. ರಕ್ತನಾಳಗಳ ಆಂಜಿಯೋ ಚಿತ್ರ ಮಾತ್ರ ನೀಟಾಗಿ ನಾರ್ಮಲ್.

ಈ ಕೊನೆಯ ಮಾತನ್ನು ತಮ್ಮನಿಗೆ ತಿಳಿಸಿ ಹೇಳುವುದು ಕಷ್ಟವಾಯಿತು. "ನಾಳದ ಕಾಯಿಲೆ ಅಂತೀರಿ, ನಾಳದ ಫೋಟೋ ನಾರ್ಮಲ್ ಅಂತೀರಿ" ಎಂದ. ಅವನ ಪ್ರಶ್ನೆ ನ್ಯಾಯವಾದದ್ದೇ. ಈ ಕಾಯಿಲೆ ಹಿಡಿಯುವ ನಾಳಗಳು ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಂತ ಸಣ್ಣವು. ನಮ್ಮ ಮಿಷನ್ ಬಿಡಿಸಿ ತೋರಿಸುವುದು ಅರ್ಧ ಮಿಲಿಮೀಟರಿನ ಆಸುಪಾಸು. ಉರಿಯೂತ ಹಿಡಿದ ನಾಳವನ್ನು ನಾವು ನೋಡುವುದೇ ಇಲ್ಲ. ಅದು ಸೋರಿದ್ದನ್ನು ನೋಡುತ್ತೇವೆ, ಅದು ರಕ್ತ ತಲುಪಿಸದೆ ಸಾಯಿಸಿದ ಜಾಗವನ್ನು ನೋಡುತ್ತೇವೆ. ದೊಡ್ಡ ನಾಳಗಳಾದರೆ ಬೇರೆ ಮಾತು. ವಯಸ್ಸಾದವರಲ್ಲಿ ಕಪಾಲದ ಪಕ್ಕದ ಅಪಧಮನಿ ಊದಿಕೊಂಡಾಗ ಅದರ ಗೋಡೆಯೇ ದಪ್ಪಗಾಗಿ, ಕಾಂಟ್ರಾಸ್ಟ್ ಹೀರಿ ಉಂಗುರದಂತೆ ಕಾಣುತ್ತದೆ. ಕಿವಿಯ ಒಳಗಿನ ನಾಳಕ್ಕೆ ಆ ಭಾಗ್ಯವಿಲ್ಲ.

ಆಂಜಿಯೋ ನಾರ್ಮಲ್ ಎಂಬ ಎರಡು ಪದ ನೋಡಿ ಯಾರೂ ನಿರುಮ್ಮಳರಾಗಬಾರದೆಂದು ರಿಪೋರ್ಟಿನಲ್ಲೇ ಬರೆದೆ: ನಾರ್ಮಲ್ ಆಂಜಿಯೋ ಈ ಕಾಯಿಲೆಯನ್ನು ತಳ್ಳಿಹಾಕುವುದಿಲ್ಲ. ಕೊನೆಯಲ್ಲಿ ಒಂದು ಸಾಲು ಸೇರಿಸಿದೆ. ಇಂದೇ ರೆಟಿನಾ ಪರೀಕ್ಷೆ ಆಗಬೇಕು, ಕಣ್ಣಿನ ತೊಂದರೆ ಹೇಳದಿದ್ದರೂ.

ಆಗಸ್ಟ್ 7, ಬುಧವಾರ

ಕಣ್ಣಿನ ಡಾಕ್ಟರು ಫ್ಲೋರೆಸೀನ್ ಬಣ್ಣ ಚುಚ್ಚಿ ಆಂಜಿಯೋಗ್ರಾಂ ಮಾಡಿದರು. ಎಡಗಣ್ಣಿನ ಅಂಚಿನಲ್ಲಿ ಅಪಧಮನಿಯ ಒಂದು ಕವಲು ಮುಚ್ಚಿದೆ, ಅದರ ಗೋಡೆ ಬಣ್ಣ ಸೋರುತ್ತಿದೆ. ದೃಷ್ಟಿಯ ನಡುಭಾಗಕ್ಕೆ ದೂರವಾದ್ದರಿಂದ ಅವಳಿಗೆ ಗೊತ್ತೇ ಆಗಿಲ್ಲ. ಕಿವಿಯಲ್ಲಿ ನಮಗೆ ಕಾಣದ ನಾಳವನ್ನು ಕಣ್ಣಿನಲ್ಲಿ ನೇರವಾಗಿ ನೋಡಬಹುದು. ದೇಹದಲ್ಲಿ ಕತ್ತರಿ ಹಾಕದೆ ಅಪಧಮನಿಯನ್ನು ಹೀಗೆ ನೇರವಾಗಿ ತೋರಿಸುವ ಜಾಗ ಅದೊಂದೇ.

ಮೂರೂ ಕೂಡಿಬಂದವು. ಸಂಜೆಯೇ ನ್ಯೂರಾಲಜಿಸ್ಟ್ ಅಡ್ಮಿಟ್ ಮಾಡಿಕೊಂಡು ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಶುರುಮಾಡಿದರು, ದಿನಕ್ಕೆ 1 ಗ್ರಾಂ, ಡ್ರಿಪ್‌ನಲ್ಲಿ.

ಆಗಸ್ಟ್ 9, ಶುಕ್ರವಾರ, ನಾಗರ ಪಂಚಮಿ

ಹಬ್ಬ. ಅರ್ಧ ದಿನದ ಕೆಲಸ. ಮನೆಯಿಂದ ತಂಬಿಟ್ಟು, ಉಂಡಿ ಕಟ್ಟಿಕೊಂಡು ವಾರ್ಡಿಗೆ ಹೋಗಿದ್ದೆ. ರೇಡಿಯಾಲಜಿಸ್ಟ್ ವಾರ್ಡಿಗೆ ಹೋಗುವ ರೂಢಿ ನಮ್ಮಲ್ಲಿ ಕಡಿಮೆ. ಚಿತ್ರ ನೋಡಿದವರಿಗೆ ಮುಖ ಗೊತ್ತಿರುವುದಿಲ್ಲ, ಮುಖ ನೋಡಿದವರಿಗೆ ಚಿತ್ರದ ಪೂರ್ತಿ ಕಥೆ ಗೊತ್ತಿರುವುದಿಲ್ಲ.

ಅವಳು ಮಲಗಿದ್ದಳು. ಕಿಟಕಿಯಾಚೆ ಬೇವಿನ ಮರಕ್ಕೆ ಯಾರೋ ಜೋಕಾಲಿ ಕಟ್ಟಿದ್ದರು. ಮಕ್ಕಳು ತೂಗಿಕೊಳ್ಳುವುದನ್ನು ನೋಡಿದರೇ ತಲೆ ಗಿರ್ರನ್ನುತ್ತದೆಂದು ಗೋಡೆಯ ಕಡೆ ಹೊರಳಿದ್ದಳು. ಸಮತೋಲದ ಅಂಗವೂ ಅದೇ ಸಣ್ಣ ನಾಳದ ಪಾಲಿನದೇ ಅಲ್ಲವೇ.

ತಂದೆ ಹೊರಗೆ ಬೆಂಚಿನ ಮೇಲಿದ್ದರು. ಎದ್ದು ನಿಂತರು. "ಡಾಕ್ಟ್ರಮ್ಮಾರೇ, ಒಂದು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮೈಯಾಗೆ ರಕ್ತ ಎಲ್ಲಾ ಕಡೆ ಹರಿತೈತಲ್ಲ. ಕಿವಿ ಒಂದಕ್ಕೇ ಯಾಕೆ ನಿಲ್ತು?"

ಎಷ್ಟು ಎಕರೆ ಎಂದು ಕೇಳಿದೆ. ಎರಡು ಎಕರೆ ಗದ್ದೆ, ಭದ್ರಾ ನಾಲೆಯ ಅಚ್ಚುಕಟ್ಟಿನ ಕೊನೆಯ ಭಾಗದಲ್ಲಿ. ನಾನು ಹೇಳಬೇಕಾದ್ದಕ್ಕೆ ಅರ್ಧ ಪೀಠಿಕೆ ಅವರ ಬಾಯಿಂದಲೇ ಬಂತು. ಕೈಗೆ ಸಿಕ್ಕ ಔಷಧಿ ಚೀಟಿಯ ಹಿಂಬದಿಯಲ್ಲಿ ಗೆರೆ ಎಳೆದೆ. ಕತ್ತಿನ ಹಿಂಭಾಗದಿಂದ ಮಿದುಳಿಗೆ ಹೋಗುವುದು ದೊಡ್ಡ ನಾಲೆ. ಅದರಿಂದ ಒಂದು ಕವಲು, ಆ ಕವಲಿನಿಂದ ಹೊರಟು ಮೂಳೆಯ ಸುರಂಗದೊಳಗೆ ನುಸುಳುವ ಕೂದಲೆಳೆಯಂಥ ನಾಳ. ಒಳಗಿವಿಗೆ ರಕ್ತ ತರುವುದು ಅದೊಂದೇ. ಕೈ ಬೆರಳಿಗೆ, ಹೊಟ್ಟೆಗೆ, ಮುಖಕ್ಕೆ ಒಂದು ದಾರಿ ಕಟ್ಟಿದರೆ ಇನ್ನೊಂದು ದಾರಿಯಿಂದ ರಕ್ತ ಬರುತ್ತದೆ. ಒಳಗಿವಿಗೆ ಪಕ್ಕದ ಕಾಲುವೆ ಇಲ್ಲ, ಬೋರ್‌ವೆಲ್ ಇಲ್ಲ. ಆ ಎಳೆ ಕಾಕ್ಲಿಯಾದೊಳಗೆ ಸುತ್ತಿ ಸುತ್ತಿ ಮೇಲಕ್ಕೆ ಹೋಗುತ್ತದೆ. ಬುಡದ ಸುತ್ತಿನಲ್ಲಿ ಕೀರಲು ಸದ್ದು ಕೇಳಿಸುವ ಕೋಶಗಳು, ತುತ್ತತುದಿಯಲ್ಲಿ ದಪ್ಪ ಸದ್ದಿನ ಕೋಶಗಳು.

ಅವರು ಗೆರೆಯ ತುದಿಯ ಮೇಲೆ ಬೆರಳಿಟ್ಟರು. "ಇಲ್ಲಿ ನಮ್ಮ ಹೊಲ ಐತೆ ಅನ್ನಿ."

ಹೌದು ಎಂದೆ. ಅಲ್ಲಿಗೆ ನೀರು ಮುಟ್ಟುವುದು ಎಲ್ಲರದ್ದೂ ಆದ ಮೇಲೆ. ನೀರು ಕಡಿಮೆಯಾದರೆ ಮೊದಲು ಒಣಗುವುದೂ ಅದೇ. ಅವಳ ಆಡಿಯೋಗ್ರಾಂನಲ್ಲಿ ದಪ್ಪ ಸ್ವರಗಳೇ ಮೊದಲು ಹೋಗಿರುವುದಕ್ಕೆ ತಜ್ಞರು ಕೊಡುವ ಕಾರಣವೂ ಇದೇ, ತುದಿಯ ಸಣ್ಣ ನಾಳಗಳ ಮುಚ್ಚುವಿಕೆ.

"ಈ ಸಲ ನೀರು ಬಿಟ್ಟಾರೆ ಡಾಕ್ಟ್ರಮ್ಮಾರೇ. ನಮ್ಮ ತನಕ ಬರೋದು ನೋಡಬೇಕು" ಎಂದರು. ಗದ್ದೆಯ ಮಾತೋ ಮಗಳ ಮಾತೋ, ಎರಡೂ ಇರಬೇಕು. ಆ ಚೀಟಿಯನ್ನು ಮಡಚಿ ಜೇಬಿಗೆ ಇಟ್ಟುಕೊಂಡರು.

ನಾನು ಅವರಿಗೆ ಹೇಳದೆ ಉಳಿಸಿಕೊಂಡದ್ದು ಒಂದಿದೆ. ಒಣಗಿದ ಗದ್ದೆಗೆ ಮುಂದಿನ ವರ್ಷ ನೀರು ಬಂದರೆ ಮತ್ತೆ ಪೈರು ಬರುತ್ತದೆ. ಒಳಗಿವಿಯ ಕೋಶಗಳಿಗೆ ಆ ಮುಂದಿನ ವರ್ಷ ಇಲ್ಲ. ಕಾಕ್ಲಿಯಾದೊಳಗೆ ಸುಮಾರು 80 ಮಿಲಿವೋಲ್ಟ್‌ನ ವಿದ್ಯುತ್ತನ್ನು ಸದಾ ಕಾಯ್ದಿಡುವ ಒಂದು ಪದರವಿದೆ. ಅದು ದೇಹದಲ್ಲೇ ಅತಿ ಹಸಿವಿನ ಅಂಗಾಂಶಗಳಲ್ಲೊಂದು. ಆಮ್ಲಜನಕ ನಿಂತರೆ ಆ ವಿದ್ಯುತ್ತು ಕುಸಿಯುವುದಕ್ಕೆ ನಿಮಿಷಗಳೂ ಬೇಡ. ಸತ್ತ ಕೇಳುವ ಕೋಶ ಮನುಷ್ಯರಲ್ಲಿ ಮರಳಿ ಹುಟ್ಟುವುದಿಲ್ಲ. ಬಲಗಿವಿಯ ಬಗ್ಗೆ ಅವರು ನೇರವಾಗಿ ಕೇಳಿದಾಗ "ನಾವು ಈಗ ಹೋರಾಡ್ತಿರೋದು ಎಡಗಿವಿಗೆ, ಕಣ್ಣಿಗೆ, ಬುದ್ಧಿಗೆ" ಎಂದೆ. ಅರ್ಥವಾಯಿತೆಂಬಂತೆ ತಲೆಯಾಡಿಸಿದರು.

ಆಗಸ್ಟ್ 14, ಬುಧವಾರ

ತಿಂಗಳು ಯಾವುದೆಂದು ನ್ಯೂರಾಲಜಿಸ್ಟ್ ಕೇಳಿದ್ದಕ್ಕೆ ಸರಿಯಾಗಿ ಹೇಳಿದಳಂತೆ. ವರಮಹಾಲಕ್ಷ್ಮಿಗೆ ಮನೆಗೆ ಬಿಡುತ್ತೀರಾ ಎಂದೂ ಕೇಳಿದಳಂತೆ. ಶುಗರ್ ಏರಿದೆ, ಸ್ಟೆರಾಯ್ಡಿನದು. ಇಮ್ಯುನೋಗ್ಲಾಬ್ಯುಲಿನ್ ಕೊಡುವ ಮಾತು ನಡೆದಿದೆ. ಹಣ ಹೊಂದಿಸಲು ತಮ್ಮ ಓಡಾಡುತ್ತಿದ್ದಾನೆ.

ಆಗಸ್ಟ್ 20, ಮಂಗಳವಾರ

ಇವತ್ತು ಚಿತ್ರದುರ್ಗ ಕಡೆಯ ಒಬ್ಬ ಯುವಕನ ಹಳೆಯ ಫೈಲನ್ನು ಮತ್ತೆ ತೆಗೆಸಿ ನೋಡಿದೆ. ಇವಳ ಕಾರಣಕ್ಕೆ ಅವನು ನೆನಪಾಗುತ್ತಲೇ ಇದ್ದ.

ಅವನದು ಕೋಗನ್ ಸಿಂಡ್ರೋಮ್. ಬಾಸ್ಟನ್ನಿನ ಕಣ್ಣಿನ ತಜ್ಞ ಡೇವಿಡ್ ಕೋಗನ್ 1945ರಲ್ಲಿ ಬರೆದಿಟ್ಟ ಕಾಯಿಲೆ. ಕಣ್ಣು ಕೆಂಪಗಾಗಿ ಬೆಳಕು ತಡೆಯಲಾಗುವುದಿಲ್ಲ, ತಲೆಸುತ್ತು, ವಾಂತಿ, ಎರಡೂ ಕಿವಿ ಒಂದರ ಹಿಂದೆ ಒಂದು ಹೋಗುತ್ತವೆ. ಕೆಲವರಲ್ಲಿ ಹೃದಯದಿಂದ ಹೊರಡುವ ಮಹಾಪಧಮನಿಯ ಗೋಡೆಗೂ ಉರಿಯೂತ ಬರುತ್ತದೆ, ಕವಾಟ ಸೋರುತ್ತದೆ. ಆದ್ದರಿಂದ ಕಿವಿಗೆಂದು ಬಂದ ಕೋಗನ್ ರೋಗಿಯ ಎದೆಯನ್ನೂ ನೋಡದೆ ಬಿಡುವಂತಿಲ್ಲ. ಕಣ್ಣು ಕೆಂಪಾದದ್ದಕ್ಕೆ ಅವನು ಊರಲ್ಲಿ ಡ್ರಾಪ್ಸ್ ಹಾಕಿಸಿಕೊಂಡ, ತಲೆಸುತ್ತಿಗೆ ಬೇರೊಬ್ಬರ ಹತ್ತಿರ ಮಾತ್ರೆ ತಗೊಂಡ. ಕಿವಿ ಹೋದಾಗ ಬೇರೆ ಊರಿನ ಒಂದು ಸೆಂಟರಿನಲ್ಲಿ ಸ್ಕ್ಯಾನಿಂಗ್ ಆಗಿತ್ತು, ಕಾಂಟ್ರಾಸ್ಟ್ ಇಲ್ಲದೆ, ಗಂಟಿಲ್ಲ ಎಂಬ ಒಂದು ಸಾಲಿನ ರಿಪೋರ್ಟಿನೊಂದಿಗೆ. ನಮ್ಮಲ್ಲಿಗೆ ಬರುವ ಹೊತ್ತಿಗೆ ಹಲವು ತಿಂಗಳು ಕಳೆದಿದ್ದವು.

ಆ ಹಳೆಯ ಡಿಸ್ಕನ್ನೂ ಅವನು ತಂದಿದ್ದ, ಹಾಗಾಗಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾಯಿತು. ಮೊದಲ ಸ್ಕ್ಯಾನಿನ ಟಿ1 ಚಿತ್ರದಲ್ಲಿ ಕಾಂಟ್ರಾಸ್ಟ್ ಇಲ್ಲದೆಯೇ ಒಳಗಿವಿಯ ದ್ರವ ಇರಬೇಕಾದ್ದಕ್ಕಿಂತ ಬೆಳ್ಳಗಿತ್ತು. ಆ ದ್ರವ ಟಿ1ನಲ್ಲಿ ಕಪ್ಪಾಗಿರಬೇಕು. ಬೆಳ್ಳಗಾಯಿತೆಂದರೆ ಸೋರಿದ ನಾಳದಿಂದ ರಕ್ತವೋ ಪ್ರೋಟೀನೋ ಬಂದು ಬೆರೆತಿದೆ ಎಂದು. ಎರಡನೆಯ ಸ್ಕ್ಯಾನಿನಲ್ಲಿ, ತೆಳು ಕಟ್‌ಗಳಲ್ಲಿ, ಬುಡದ ಸುತ್ತಿನ ಬಿಳುಪೇ ಅಳಿಸಿಹೋಗಿತ್ತು. ದ್ರವವಿದ್ದ ಜಾಗದಲ್ಲಿ ನಾರು ತುಂಬಿತ್ತು. ಸಿಟಿಯಲ್ಲಿ ನೋಡಿದರೆ ಕೆಲವೆಡೆ ಅದು ಮೂಳೆಯೇ ಆಗಿತ್ತು.

ಇದು ಬರೀ ಚಿತ್ರದ ಮಾತಲ್ಲ. ಎರಡೂ ಕಿವಿ ಹೋದವರಿಗೆ ಉಳಿದ ದಾರಿ ಕಾಕ್ಲಿಯರ್ ಇಂಪ್ಲಾಂಟ್. ಅದರ ತಂತಿ ಒಳಗೆ ನುಸುಳಿ ಸುತ್ತು ಹಾಕಬೇಕಾದರೆ ದ್ರವದ ಕೊಳವೆ ತೆರೆದಿರಬೇಕು. ನಾರು ತುಂಬಿದರೆ ಕಷ್ಟ, ಮೂಳೆ ಕಟ್ಟಿದರೆ ಕೊರೆದು ಹೋಗಬೇಕು, ಆಗಲೂ ತಂತಿ ಅರ್ಧಕ್ಕೆ ನಿಲ್ಲಬಹುದು. ನಾರು ಸಿಟಿಗೆ ಕಾಣುವುದಿಲ್ಲ, ಮೂಳೆಯಾದ ಮೇಲಷ್ಟೇ ಕಾಣುತ್ತದೆ. ಎಂಆರ್‌ಐಗೆ ಅದು ನಾರಾಗಿರುವಾಗಲೇ ಕಾಣುತ್ತದೆ. ಆ ನಡುವಿನ ಕಾಲವೇ ಆಪರೇಷನ್ನಿಗೆ ಇರುವ ಕಾಲ. ಮಿದುಳುಪೊರೆಯ ಜ್ವರ ಬಂದು ಕಿವಿ ಹೋದ ಮಕ್ಕಳಲ್ಲೂ ಇದೇ ಧಾವಂತ.

ಕಿವಿಯ ಸ್ಕ್ಯಾನಿಗೆ ಬಂದವರ ಖರ್ಚು ಉಳಿಸಲೆಂದು ಕಾಂಟ್ರಾಸ್ಟ್ ಬಿಡುವುದು, ಹೊತ್ತು ಉಳಿಸಲೆಂದು ಬರೀ ಕಿವಿಯ ಕಟ್ ತೆಗೆಯುವುದು ಎಲ್ಲ ಕಡೆ ಇದೆ. ಗಂಟು ಹುಡುಕಲು ಅದು ಸಾಕು, ಒಪ್ಪುತ್ತೇನೆ. ವಯಸ್ಸಾದವರ ಒಂದು ಕಿವಿ ನಿಧಾನವಾಗಿ ಮಂದವಾದರೆ ಅದಕ್ಕಿಂತ ಹೆಚ್ಚು ಬೇಕಾಗುವುದೂ ಇಲ್ಲ. ಆದರೆ ಎಳೆ ವಯಸ್ಸು, ಇದ್ದಕ್ಕಿದ್ದಂತೆ ಹೋದ ಕಿವಿ, ಅದರ ಜೊತೆ ಕೆಂಪು ಕಣ್ಣೋ ತಲೆನೋವೋ ಮರೆವೋ ಇದ್ದರೆ ಆ ಉಳಿತಾಯ ಉಳಿತಾಯವಲ್ಲ. ಅದನ್ನು ತಿಳಿಯಲು ಮಿಷನ್ನೂ ಬೇಡ. ಮಲಗಿಸುವ ಮುನ್ನ ಎರಡು ಮಾತು ಕೇಳಿದರೆ ಆಗುತ್ತದೆ.

ಆಗಸ್ಟ್ 27, ಮಂಗಳವಾರ

ಅವಳನ್ನು ಬೆಂಗಳೂರಿನ ನಿಮ್ಹಾನ್ಸ್‌ಗೆ ತೋರಿಸಿಕೊಂಡು ಬಂದರು. ರೋಗದ ಹೆಸರಿಗೆ ಅಲ್ಲಿಯೂ ಒಪ್ಪಿಗೆ. ರೋಗನಿರೋಧಕ ಶಕ್ತಿಯ ದಾಳಿಯನ್ನು ತಗ್ಗಿಸುವ ರಿಟುಕ್ಸಿಮ್ಯಾಬ್ ಶುರುವಾಗಲಿದೆ, ಇಲ್ಲಿಯೇ ಕೊಡಬಹುದು ಎಂದಿದ್ದಾರೆ. ಎಂಎಸ್ ಎಂದುಕೊಂಡು ಅದರ ಮಾಮೂಲಿ ಮದ್ದು ಹಿಡಿದಿದ್ದರೆ ಈ ಕಾಯಿಲೆಗೆ ಅದು ನಾಟದೇ ಹೋಗಬಹುದಿತ್ತು, ನಡುವೆ ಎಡಗಿವಿಯೂ ಹೋಗಬಹುದಿತ್ತು. ಎರಡನ್ನೂ ಬೇರೆ ಮಾಡಿದ್ದು ಒಂದು ಕಲೆ ಪಟ್ಟಿಯ ನಡುವಿದೆಯೋ ಅಂಚಿನಲ್ಲಿದೆಯೋ ಎಂಬುದು. ಕೆಲವೇ ಮಿಲಿಮೀಟರಿನ ಅಂತರ.

ಸೆಪ್ಟೆಂಬರ್ 3, ಮಂಗಳವಾರ

ಕಿವಿಯ ಡಾಕ್ಟರು ಒಂದು ಕೋರಿಕೆ ಇಟ್ಟರು. ಮಿದುಳು, ಕಣ್ಣು ಎರಡಕ್ಕೂ ಸಾಕ್ಷಿ ಸಿಕ್ಕಿದೆ, ಕಿವಿಯೊಳಗೇ ಏನಾದರೂ ತೋರಿಸಬಹುದೇ ಎಂದು.

ತೋರಿಸುವ ದಾರಿಯೊಂದಿದೆ. ಜಪಾನಿನ ನಗೋಯಾದ ರೇಡಿಯಾಲಜಿಸ್ಟರು ಬೆಳೆಸಿದ್ದು. ಮಿದುಳಿಗೆ ಇರುವಂತೆ ಒಳಗಿವಿಯಲ್ಲೂ ರಕ್ತಕ್ಕೂ ದ್ರವಕ್ಕೂ ನಡುವೆ ಒಂದು ಬಿಗಿಯಾದ ತಡೆ ಇದೆ. ಗ್ಯಾಡೋಲಿನಿಯಂ ಕೊಟ್ಟು ಕೂಡಲೇ ತೆಗೆದರೆ ಏನೂ ಕಾಣುವುದಿಲ್ಲ. ನಾಲ್ಕು ತಾಸು ಕಾದು, ಮೂರು ಆಯಾಮದ ಫ್ಲೇರ್ ತೆಗೆದರೆ, ಮೆಲ್ಲಗೆ ಸೋರಿ ಬಂದ ಕಾಂಟ್ರಾಸ್ಟ್ ಒಳಗಿವಿಯ ದ್ರವವನ್ನು ಬೆಳಗಿಸುತ್ತದೆ. ತಡೆ ಹಾಳಾದ ಕಿವಿ ಇನ್ನೊಂದಕ್ಕಿಂತ ಹೆಚ್ಚು ಬೆಳಗುತ್ತದೆ.

ಇದಕ್ಕೆ 3 ಟೆಸ್ಲಾ ಮಿಷನ್ ಇದ್ದರೆ ಲೇಸು, ನಮ್ಮದು 1.5. ಆದರೂ ಮಾಡಿದೆವು. ಬೆಳಿಗ್ಗೆ ಹತ್ತಕ್ಕೆ ಚುಚ್ಚಿ, ಹೋಗಿ ಊಟ ಮಾಡಿ ಬನ್ನಿ ಎಂದು ಕಳಿಸಿದೆವು. ಅಪ್ಪ ಮಗಳು ಬೆಣ್ಣೆ ದೋಸೆ ತಿಂದು ಬಂದರಂತೆ. ಸ್ಟೆರಾಯ್ಡಿನಿಂದ ಮುಖ ದುಂಡಗಾಗಿದೆ, ಹಸಿವು ಜಾಸ್ತಿ. ಎರಡಕ್ಕೆ ಮತ್ತೆ ಮಲಗಿಸಿದೆವು. ಅಲುಗಾಡದಂತೆ ಮಲಗಬೇಕು ಎಂದು ಹೇಳುವುದೇ ಬೇಕಾಗಲಿಲ್ಲ, "ಗೊತ್ತು ಮೇಡಂ" ಎಂದು ಅವಳೇ ಬಲ್ಬನ್ನು ಕೈಗೆತ್ತಿಕೊಂಡಳು. ಮೊದಲ ದಿನ ತಮ್ಮನ ಮುಖ ನೋಡುತ್ತಿದ್ದವಳು ಇವಳೇ.

ಬಲಗಿವಿಯ ಕಾಕ್ಲಿಯಾ ಎಡಕ್ಕಿಂತ ತುಸು ಬೆಳ್ಳಗೆ ಕಂಡಿತು. ಟೆಕ್ನಿಷಿಯನ್‌ಗೆ ಬಹಳ ಸಂತೋಷ, "ಸಿಕ್ತು ಮೇಡಂ" ಎಂದ. ನಾನು ನಾಲ್ಕೈದು ಸಲ ಅಳೆದು ನೋಡಿದೆ. ವ್ಯತ್ಯಾಸವಿದೆ, ಆದರೆ ಸಣ್ಣದು. ಸ್ಟೆರಾಯ್ಡ್ ಕೆಲಸ ಮಾಡಿದ ಮೇಲೆ ತೆಗೆದ ಚಿತ್ರ ಬೇರೆ. ಬಲಗಿವಿಯಲ್ಲಿ ಸ್ವಲ್ಪ ಹೆಚ್ಚಿನ ಬಿಳುಪು, ಕಾಯಿಲೆಗೆ ಹೊಂದುತ್ತದೆ, ಇದೊಂದರಿಂದಲೇ ಏನನ್ನೂ ತೀರ್ಮಾನಿಸಬೇಡಿ ಎಂದು ಬರೆದೆ. ಕಂಡದ್ದಕ್ಕಿಂತ ಹೆಚ್ಚು ಹೇಳುವ ರಿಪೋರ್ಟು ಮುಂದಿನ ಡಾಕ್ಟರನ್ನು ದಾರಿ ತಪ್ಪಿಸುತ್ತದೆ. ರೋಗಿಗೆ ಸಿಗದ ಕಿವಿಯ ಆಸೆಯನ್ನೂ ಹುಟ್ಟಿಸುತ್ತದೆ.

ತೆಳು ಕಟ್‌ಗಳಲ್ಲಿ ದ್ರವದ ಬಿಳುಪು ಎರಡೂ ಕಡೆ ಪೂರ್ತಿ ಇದೆ. ನಾರಿಲ್ಲ. ಇದನ್ನು ದೊಡ್ಡದಾಗಿಯೇ ಬರೆದೆ. ಮುಂದೊಂದು ದಿನ ಇಂಪ್ಲಾಂಟಿನ ಮಾತು ಬಂದರೆ ಬೇಕಾಗುತ್ತದೆ.

ಸೆಪ್ಟೆಂಬರ್ 12, ಗುರುವಾರ

ನಮ್ಮ ಕಿವಿಯ ಪ್ರೋಟೋಕಾಲ್ ಬದಲಿಸಿದೆ. ಹಠಾತ್ತನೆ ಕಿವಿ ಹೋದ ಐವತ್ತರ ಒಳಗಿನವರಿಗೆ ಸ್ಯಾಜಿಟಲ್ ಫ್ಲೇರ್ ಕಡ್ಡಾಯ. ಹೆಚ್ಚೆಂದರೆ ಐದು ನಿಮಿಷ ಹಿಡಿಯುತ್ತದೆ, ಅದಕ್ಕೆ ಬೇರೆ ಬಿಲ್ ಇಲ್ಲ. ಮ್ಯಾನೇಜ್‌ಮೆಂಟಿನವರು ದಿನಕ್ಕೆ ಎಷ್ಟು ಸ್ಲಾಟ್ ಹೋಗುತ್ತದೆಂದು ಲೆಕ್ಕ ಕೇಳಿದರು. ಅವಳ ಚಿತ್ರ ತೋರಿಸಿದೆ. ಒಪ್ಪಿದರು.

ಟೆಕ್ನಿಷಿಯನ್‌ಗಳಿಗೆ ಕೇಳಬೇಕಾದ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದು ಕಾನ್ಸೋಲ್ ಪಕ್ಕ ಅಂಟಿಸಿದೆ. ತಲೆನೋವು ಎಷ್ಟು ದಿನದಿಂದ, ಕಣ್ಣು ಕೆಂಪಗಾಗಿತ್ತೇ, ನೋಟದಲ್ಲಿ ಎಲ್ಲಾದರೂ ಕಪ್ಪು ಕಂಡಿತ್ತೇ, ಮರೆವು ಇದೆಯೇ ಎಂದು ಜೊತೆಗೆ ಬಂದವರನ್ನು ಬೇರೆಯಾಗಿ ಕೇಳಿ. ಕೊನೆಯದರ ಕೆಳಗೆ ಗೆರೆ ಎಳೆದಿದ್ದೇನೆ. ಮರೆತವರಿಗೆ ಮರೆತದ್ದು ಗೊತ್ತಿರುವುದಿಲ್ಲ.

ಸೆಪ್ಟೆಂಬರ್ 24, ಮಂಗಳವಾರ

ಮರುಸ್ಕ್ಯಾನ್. ಹೊಸ ಕಲೆ ಒಂದೂ ಇಲ್ಲ. ಹೊದಿಕೆಯ ಮೇಲಿನ ಬಣ್ಣ ಹೋಗಿದೆ. ಹಳೆಯ ಬಿಳಿ ಕಲೆಗಳು ಕುಗ್ಗಿ, ಟಿ1ನಲ್ಲಿ ಪಟ್ಟಿಯ ನಡುವೆ ಕಪ್ಪು ತೂತುಗಳಾಗಿ ನಿಂತಿವೆ. ಇನ್ನು ಅವು ಹಾಗೆಯೇ ಇರುತ್ತವೆ. ಎಷ್ಟೋ ವರ್ಷದ ಮೇಲೆ ಯಾರು ತೆಗೆದರೂ ಈ ತೂತುಗಳನ್ನು ನೋಡಿ ಕಾಯಿಲೆಯ ಹೆಸರು ಹೇಳಬಹುದು.

ಎಡಗಿವಿ ನಾರ್ಮಲ್ ಉಳಿದಿದೆ. ಬಲಗಿವಿ ಬಂದಿಲ್ಲ. ಇದನ್ನು ಅವಳಿಗೆ ನಾನೇ ಹೇಳಿದೆ, ಎಡಗಡೆ ಕೂತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಕ್ಲಾಸಿನಲ್ಲಿ ಹಿಂದಿನ ಬೆಂಚಿನವರು ಎಲ್ಲಿಂದ ಕೂಗಿದರೆಂದು ತಿಳಿಯುವುದಿಲ್ಲವಲ್ಲ, ಏನು ಮಾಡಲಿ ಎಂದು ಕೇಳಿದಳು. ಸದ್ದಿನ ದಿಕ್ಕು ತಿಳಿಯಲು ಎರಡು ಕಿವಿ ಬೇಕು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಒಂದೇ ಕಿವಿಯವರಿಗೆ ಬಲದ ಸದ್ದನ್ನು ಎಡಕ್ಕೆ ದಾಟಿಸುವ ಯಂತ್ರದ ಬಗ್ಗೆ ವಿಚಾರಿಸಿ, ಅಲ್ಲಿಯವರೆಗೆ ಕೊಠಡಿಯಲ್ಲಿ ನಿಮ್ಮ ಬಲಕ್ಕೆ ಗೋಡೆ ಬರುವಂತೆ ನಿಲ್ಲಿ ಎಂದೆ. ನೋಟ್‌ಬುಕ್ ತೆಗೆದು ಬರೆದುಕೊಂಡಳು. ಮೇಲೆ ತಾರೀಖು ಹಾಕಿದಳು, 24-9-2024.

ಮುಂದಿನ ಸ್ಕ್ಯಾನ್ ಡಿಸೆಂಬರಿನಲ್ಲಿ. ಆ ನಡುವೆ ತಲೆನೋವು ಮರಳಿದರೆ, ಎಡಗಿವಿಯಲ್ಲಿ ಗುಂಯ್ ಎಂದರೆ, ನೋಟದಲ್ಲಿ ನೆರಳು ಕಂಡರೆ ಚೀಟಿಗೆ ಕಾಯದೆ ನೇರ ಬರಲು ಹೇಳಿದ್ದೇನೆ. ಹಳೆಯ ಡಿಸ್ಕುಗಳನ್ನೆಲ್ಲ ತರಬೇಕು, ಫಿಲ್ಮ್ ಮಾತ್ರ ತಂದರೆ ಹೋಲಿಸಿ ನೋಡಲಾಗುವುದಿಲ್ಲ ಎಂದು ತಮ್ಮನಿಗೂ ಎರಡು ಸಲ ಹೇಳಿದೆ. ರಿಟುಕ್ಸಿಮ್ಯಾಬಿನ ಮುಂದಿನ ಡೋಸಿನ ಹಣಕ್ಕೆ ನ್ಯೂರಾಲಜಿಸ್ಟರ ಜೊತೆ ಸೇರಿ ಒಂದು ಪತ್ರ ಬರೆಯಬೇಕು, ಈ ವಾರದೊಳಗೆ.